ಮನೆಗೆ ಪಿಸ್ತೂಲ್ ಬಂದರೆ ಮಗ ಏನು ಕಲಿಯುತ್ತಾನೆ?

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರದ ಒಂದು ಊರಿನಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇವೆ. ಹೋದ ವರ್ಷ ಗ್ರೀನ್ ಕಾರ್ಡ್ ಬಂತು. ಮಗಳಿಗೆ 17, ಮಗನಿಗೆ 15. ಎರಡು ತಿಂಗಳ ಹಿಂದೆ ನಮ್ಮ ಬೀದಿಯ ಒಂದು ಮನೆಗೆ ಕಳ್ಳರು ನುಗ್ಗಿದರು. ಆವತ್ತಿನಿಂದ ನಮ್ಮ ಮನೆಯವರು ಪಿಸ್ತೂಲ್ ತರಲೇಬೇಕು ಅಂತ ಹಟ ಹಿಡಿದಿದ್ದಾರೆ. ಅವರು ಕೊಡಗಿನವರು. ‘ನಮ್ಮ ಮನೆಯಲ್ಲಿ ಕೋವಿ ಇಟ್ಟುಕೊಂಡೇ ಬೆಳೆದೆವು, ಕೆಟ್ಟು ಹೋದೆವಾ?’ ಅಂತ ಕೇಳುತ್ತಾರೆ. ಮಗನಿಗಂತೂ ಖುಷಿಯೋ ಖುಷಿ. ‘ಅಮ್ಮನ್ನ, ಅಕ್ಕನ್ನ ಕಾಯೋದು ಅಪ್ಪಂದು ನಂದು ಕೆಲಸ’ ಅಂತಾನೆ. ಅವನು ಫೋನಿನಲ್ಲಿ ನೋಡುವ ವಿಡಿಯೋಗಳಲ್ಲಿ ಅರ್ಧ ಗನ್ ಬಗ್ಗೆ, ಇನ್ನರ್ಧ ಹುಡುಗಿಯರನ್ನು ಹೇಗೆ ಹತೋಟಿಯಲ್ಲಿ ಇಡಬೇಕು ಅನ್ನುವುದರ ಬಗ್ಗೆ. ಮಗಳಿಗೆ ಒಬ್ಬ ಬಾಯ್‌ಫ್ರೆಂಡ್ ಇದ್ದಾನೆ. ಒಳ್ಳೆಯ ಹುಡುಗ ಅಂದುಕೊಂಡಿದ್ದೆ. ಆದರೆ ಅವಳು ಎಲ್ಲಿದ್ದಾಳೆ ಅಂತ ಸದಾ ಫೋನಿನಲ್ಲಿ ನೋಡುತ್ತಿರುತ್ತಾನಂತೆ. ಅವನು ಓಡಿಸುವ ಪಿಕಪ್ ಗಾಡಿಯಲ್ಲಿ ಅವರಪ್ಪನ ಗನ್ ಯಾವಾಗಲೂ ಇರುತ್ತದಂತೆ. ಮನೆಯಲ್ಲಿ ಗನ್ ಇರುವುದಕ್ಕೂ ಹುಡುಗರು ಹೆಣ್ಣುಮಕ್ಕಳನ್ನು ನೋಡುವ ರೀತಿಗೂ ಏನಾದರೂ ಸಂಬಂಧ ಇದೆಯಾ? ಇಲ್ಲ, ನಾನೇ ಸುಮ್ನೆ ಹೆದರುತ್ತಿದ್ದೀನಾ?

ಉತ್ತರ: ನೀವು ಸುಮ್ನೆ ಹೆದರುತ್ತಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಕ್ಕಳಿಬ್ಬರೂ ಈ ವಯಸ್ಸಿನಲ್ಲಿರುವಾಗ ಆ ಮನೆಗೆ ಪಿಸ್ತೂಲ್ ಬರುವುದು ಬೇಡ. ಹದಿಹರೆಯದ ಮಕ್ಕಳ ಆಪ್ತಸಮಾಲೋಚಕಿಯಾಗಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ, ಅದರ ಮೇಲೆ ಹೇಳುತ್ತಿದ್ದೇನೆ. ನಿಮ್ಮ ಮನೆಯವರು ಈ ಮಾತನ್ನು ಸುಲಭಕ್ಕೆ ಒಪ್ಪಲಾರರು, ಅದೂ ಗೊತ್ತು. ಅದಕ್ಕೆ ಅವರ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅವರ ಪ್ರಶ್ನೆ ಸಣ್ಣದಲ್ಲ.

ಕೊಡಗಿನಲ್ಲಿ ಕೋವಿ ಅಂದರೆ ಏನು ಅಂತ ಹೊರಗಿನವರಿಗೆ ಅಷ್ಟು ಬೇಗ ಅರ್ಥವಾಗುವುದಿಲ್ಲ. ನಾಟಿ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಹೊತ್ತಿಗೆ ಕೈಲ್‌ಪೊಳ್ದ್ ಹಬ್ಬ ಬರುತ್ತದೆ. ಆಗ ಕೋವಿಯನ್ನು ಒರೆಸಿ, ತೋಕ್ ಪೂ ಅನ್ನುವ ಕೆಂಪು ಹಳದಿ ಹೂವು ಸಿಕ್ಕಿಸಿ, ದೇವರ ಮುಂದೆ ಇಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗ ಗುಂಡು ಹಾರುತ್ತದೆ. ಸಾವಾದರೆ ಗುಂಡಿನ ಸದ್ದಿನಿಂದಲೇ ಊರಿಗೆ ಸುದ್ದಿ ಮುಟ್ಟುತ್ತದೆ. ಕಾನೂನು ಕೂಡ ಈ ರೂಢಿಗೆ ಜಾಗ ಕೊಟ್ಟಿದೆ. 1861ರಲ್ಲಿ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಿಂದ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ವಿನಾಯಿತಿ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಅದು ಮುಂದುವರಿಯಿತು. ಕೊಡವರಿಗೂ, ಜಮ್ಮಾ ಅನ್ನುವ ವಂಶಪಾರಂಪರ್ಯದ ಭೂಮಿ ಇರುವ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಕೊಡುವುದು ಸರಿ ಅಂತ 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು.

ಹಾಗಾಗಿ ‘ನಾವು ಕೋವಿ ಇಟ್ಟುಕೊಂಡೇ ಬೆಳೆದೆವು’ ಅನ್ನುವ ಮಾತು ನಿಜ. ಆದರೆ ಅವರು ಯಾವ ಕೋವಿ ನೋಡಿಕೊಂಡು ಬೆಳೆದರು? ಒಂಟಿ ನಳಿಗೆಯದೋ ಜೋಡಿ ನಳಿಗೆಯದೋ ಉದ್ದನೆಯ ಕೋವಿ. ಅದು ಮನೆಯ ಹಿರಿಯರ ಕೈಯಲ್ಲಿತ್ತು. ಯಾವಾಗ ಮುಟ್ಟಬೇಕು, ಯಾರು ಮುಟ್ಟಬೇಕು ಅನ್ನುವುದಕ್ಕೆ ಕಟ್ಟುಪಾಡು ಇತ್ತು. ಗದ್ದೆಗೆ ಹಂದಿ ನುಗ್ಗಿದಾಗ, ಹಬ್ಬದಲ್ಲಿ, ಸಾವಿನಲ್ಲಿ ಅದಕ್ಕೆ ಕೆಲಸ. ಹುಡುಗ ಅದನ್ನು ನೋಡಿದ್ದು ಹತ್ತಾರು ದೊಡ್ಡವರ ನಡುವೆ.

ಈಗ ಡಲ್ಲಾಸಿನಲ್ಲಿ ತರಲು ಹೊರಟಿರುವುದು ಮಂಚದ ಪಕ್ಕದ ಡ್ರಾಯರಿನಲ್ಲಿ ಇಡುವ ಪಿಸ್ತೂಲ್. ಅದಕ್ಕೆ ಹಬ್ಬ ಇಲ್ಲ, ಹಿರಿಯರೂ ಇಲ್ಲ. ಅದನ್ನು ಮಾಡಿರುವುದೇ ಹತ್ತಿರದಿಂದ ಮನುಷ್ಯನಿಗೆ ಹೊಡೆಯಲು. ಪ್ಯೂ ಸಂಸ್ಥೆ 2023ರಲ್ಲಿ ಅಮೆರಿಕದ ಗನ್ ಮಾಲೀಕರನ್ನು ಮಾತಾಡಿಸಿತು. ಗನ್ ಇಟ್ಟುಕೊಳ್ಳಲು ಆತ್ಮರಕ್ಷಣೆ ಮುಖ್ಯ ಕಾರಣ ಅಂತ ಹೇಳಿದವರು ಶೇ. 72. ಅದೇ ಸಮೀಕ್ಷೆಯಲ್ಲಿ ಗಂಡಸರಲ್ಲಿ ಶೇ. 40 ಮಂದಿ, ಹೆಂಗಸರಲ್ಲಿ ಶೇ. 25 ಮಂದಿ ತಮ್ಮ ಹತ್ತಿರ ಗನ್ ಇದೆ ಅಂದರು. ಹತ್ತು ಮಂದಿ ವಯಸ್ಕರಲ್ಲಿ ನಾಲ್ವರ ಮನೆಯಲ್ಲಿ ಗನ್ ಇದೆ. ಅಂದರೆ ನಿಮ್ಮ ಮಗನ ಗೆಳೆಯರ ಮನೆಗಳಲ್ಲೂ ಇದೆ ಅಂತಲೇ ಇಟ್ಟುಕೊಳ್ಳಿ.

ನಾನು ತುಂಬಾ ಯೋಚನೆ ಮಾಡಿರುವ ವಿಷಯ ಒಂದಿದೆ. ಮಗು ಕಬ್ಬಿಣದ ತುಂಡಿನಿಂದ ಏನೂ ಕಲಿಯುವುದಿಲ್ಲ. ಅದು ಮನೆಗೆ ಯಾಕೆ ಬಂತು ಅಂತ ದೊಡ್ಡವರು ಹೇಳುವ ಕತೆಯಿಂದ ಕಲಿಯುತ್ತದೆ. ಹಂದಿಗೆ ಅಂತ ತಂದ ಕೋವಿ ಒಂದು ಕತೆ ಹೇಳುತ್ತದೆ. ‘ಯಾರಾದರೂ ಬಂದರೆ ನಿಮ್ಮಮ್ಮನನ್ನೂ ಅಕ್ಕನನ್ನೂ ಕಾಪಾಡಲು’ ಅಂತ ತಂದ ಪಿಸ್ತೂಲ್ ಹೇಳುವ ಕತೆಯೇ ಬೇರೆ. ಆ ಕತೆಯಲ್ಲಿ ಕಾಯುವವನು ಗಂಡು. ಕಾಯಿಸಿಕೊಳ್ಳುವವಳು ಹೆಣ್ಣು. ಹೊರಗಿನವನು ಶತ್ರು. ಒಳಗಿನವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹದಿನೈದು ವರ್ಷದ ಹುಡುಗನಿಗೆ ಇದು ಬಹಳ ಇಷ್ಟವಾಗುವ ಕತೆ. ಮೀಸೆ ಚಿಗುರುವ ವಯಸ್ಸಿನಲ್ಲಿ ‘ನೀನು ಗಂಡಸು’ ಅಂತ ಒಪ್ಪಿಸಿಕೊಳ್ಳುವ ಹಸಿವು ಜಾಸ್ತಿ ಇರುತ್ತದೆ, ಅಲ್ವಾ? ನಿಮ್ಮ ಮಗ ‘ಅಪ್ಪಂದು ನಂದು ಕೆಲಸ’ ಅಂದಾಗ ಅವನ ಪ್ರೀತಿ ಸುಳ್ಳಲ್ಲ. ದಯವಿಟ್ಟು ಅವನನ್ನು ಬೈಯಬೇಡಿ. ಆದರೆ ಕಾಯುವವನಿಗೆ ಕೇಳುವ ಹಕ್ಕೂ ಇದೆ ಅಂತ ಅವನಿಗೆ ಅನ್ನಿಸಲು ತುಂಬಾ ದಿನ ಬೇಕಾಗುವುದಿಲ್ಲ. ಎಲ್ಲಿಗೆ ಹೋಗಿದ್ದೆ, ಯಾರ ಜೊತೆ ಮಾತಾಡಿದೆ, ಆ ಬಟ್ಟೆ ಯಾಕೆ ಹಾಕಿದೆ. ಇವೆಲ್ಲ ಕಾಳಜಿಯ ಹೆಸರಿನಲ್ಲೇ ಶುರುವಾಗುತ್ತವೆ. ನಿಮ್ಮ ಮಗಳ ಬಾಯ್‌ಫ್ರೆಂಡ್ ಫೋನಿನಲ್ಲಿ ಅವಳ ಜಾಗ ನೋಡುವುದಕ್ಕೂ ಇದೇ ಹೆಸರು ಕೊಟ್ಟಿರುತ್ತಾನೆ. ಅವಳನ್ನು ಕೇಳಿ ನೋಡಿ.

ಗನ್ ಮಾರುವವರಿಗೆ ಈ ಹಸಿವು ಚೆನ್ನಾಗಿ ಗೊತ್ತು. ಬುಷ್‌ಮಾಸ್ಟರ್ ಕಂಪನಿ ತನ್ನ ಬಂದೂಕಿನ ಜಾಹೀರಾತಿನಲ್ಲಿ, ಇದನ್ನು ಕೊಂಡರೆ ನಿಮ್ಮ ಗಂಡಸುತನದ ಕಾರ್ಡ್ ಮರಳಿ ಸಿಕ್ಕಿದ ಹಾಗೆ ಅನ್ನುವ ಅರ್ಥದ ಮಾತು ಹಾಕಿತ್ತು. 2012ರ ಡಿಸೆಂಬರಿನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳನ್ನೂ 6 ದೊಡ್ಡವರನ್ನೂ ಕೊಂದ 20 ವರ್ಷದ ಯುವಕ ಬಳಸಿದ್ದು ಇದೇ ಹೆಸರಿನ ಬಂದೂಕು. ಅದು ಅವನ ತಾಯಿ ಮನೆಯಲ್ಲಿ ಇಟ್ಟಿದ್ದ ಬಂದೂಕು. ಅವನು ಮೊದಲು ಕೊಂದದ್ದು ಆ ತಾಯಿಯನ್ನೇ. ಇಂಥ ಜಾಹೀರಾತುಗಳ ವಿಷಯವನ್ನೇ ಮುಂದಿಟ್ಟು ಸತ್ತವರ ಮನೆಯವರು ಕೇಸು ನಡೆಸಿದರು. 2022ರ ಫೆಬ್ರವರಿಯಲ್ಲಿ 7 ಕೋಟಿ 30 ಲಕ್ಷ ಡಾಲರಿಗೆ ರಾಜಿ ಆಯಿತು.

ಸಂಬಂಧ ಇದೆಯಾ ಅಂತ ನೀವು ನೇರವಾಗಿ ಕೇಳಿದ್ದೀರಿ. 2023ರಲ್ಲಿ ಅಮೆರಿಕನ್ ಯೂನಿವರ್ಸಿಟಿಯ ಸಂಶೋಧಕರ ತಂಡ, ಇನ್ನೆರಡು ಸಂಸ್ಥೆಗಳ ಜೊತೆ ಸೇರಿ, 14ರಿಂದ 30 ವಯಸ್ಸಿನ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯ ಅಭಿಪ್ರಾಯ ಕೇಳಿತು. ಗಂಡು ಮೇಲು ಅನ್ನುವ ನಂಬಿಕೆ ಗಟ್ಟಿಯಾಗಿದ್ದವರಲ್ಲಿ ಗನ್ ಪರವಾದ ಒಲವೂ ಜಾಸ್ತಿ ಕಂಡಿತು. ಆದರೆ ಇದನ್ನು ಹೇಗೆ ಓದಬೇಕು ಅನ್ನುವುದರಲ್ಲಿ ಎಚ್ಚರ ಬೇಕು. ಎರಡು ವಿಷಯ ಒಟ್ಟಿಗೆ ಕಂಡವು ಅಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಹುಟ್ಟಿಸಿತು ಅಂತ ಹೇಳಲು ಆಗುವುದಿಲ್ಲ. ಗನ್ ಇರುವ ಲಕ್ಷಾಂತರ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಗೌರವದಿಂದ ಕಾಣುವ ಹುಡುಗರು ಬೆಳೆದಿದ್ದಾರೆ. ಗನ್ ಇಲ್ಲದ ಮನೆಯಲ್ಲೂ ತಂಗಿಯ ಫೋನ್ ಕಿತ್ತುಕೊಳ್ಳುವ ಅಣ್ಣಂದಿರಿದ್ದಾರೆ. ನಮ್ಮ ಕನ್ನಡದ ಮನೆಗಳಲ್ಲೇ ಬೇಕಾದಷ್ಟು ಸಿಗುತ್ತಾರೆ. ಹಾಗಾಗಿ ಪಿಸ್ತೂಲ್ ಬಂದ ಮರುದಿನ ನಿಮ್ಮ ಮಗ ಬದಲಾಗಿಬಿಡುತ್ತಾನೆ ಅಂತ ನಾನು ಹೇಳುವುದಿಲ್ಲ. ನನ್ನ ಚಿಂತೆ ಏನೆಂದರೆ, ಅವನು ಈಗಾಗಲೇ ವಿಡಿಯೋಗಳಲ್ಲಿ ಆ ಪಾಠ ಕೇಳುತ್ತಿದ್ದಾನೆ. ಅಪ್ಪ ಪಿಸ್ತೂಲ್ ತಂದರೆ ಆ ಪಾಠಕ್ಕೆ ಮನೆಯಲ್ಲೇ ಒಪ್ಪಿಗೆ ಸಿಕ್ಕಿದ ಹಾಗಾಗುತ್ತದೆ.

ಇನ್ನು ಆ ಕತೆ ನಿಜವೇ ಅಂತ ನೋಡೋಣ. ಹೊರಗಿನಿಂದ ಅಪಾಯ, ಒಳಗೆ ರಕ್ಷಣೆ. ಅಮೆರಿಕದ ನ್ಯಾಯ ಇಲಾಖೆಯ ಅಂಕಿ ಅಂಶ ವಿಭಾಗ 2003ರಿಂದ 2007ರವರೆಗಿನ ಮನೆಗಳ್ಳತನಗಳನ್ನು ಲೆಕ್ಕ ಹಾಕಿತು. ಮನೆಯವರು ಒಳಗಿದ್ದಾಗ ಆದದ್ದು ಶೇ. 28 ಮಾತ್ರ. ಉಳಿದದ್ದೆಲ್ಲ ಯಾರೂ ಇಲ್ಲದ ಹೊತ್ತಿನಲ್ಲಿ. ಖಾಲಿ ಮನೆಗೆ ನುಗ್ಗಿದ ಕಳ್ಳನಿಗೆ ಡ್ರಾಯರಿನ ಪಿಸ್ತೂಲ್ ಕೂಡ ಒಂದು ಸಾಮಾನು, ಎತ್ತಿಕೊಂಡು ಹೋಗುತ್ತಾನೆ.

ಒಳಗಿನ ಲೆಕ್ಕ ನೋಡಿದರೆ ಮನಸ್ಸು ಭಾರವಾಗುತ್ತದೆ. ಸ್ಟ್ಯಾನ್‌ಫೋರ್ಡಿನ ಡೇವಿಡ್ ಸ್ಟಡರ್ಟ್ ಮತ್ತು ಜೊತೆಗಾರರು 2022ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಕ್ಯಾಲಿಫೋರ್ನಿಯಾದ ಸುಮಾರು 1 ಕೋಟಿ 76 ಲಕ್ಷ ವಯಸ್ಕರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಅದು. ಇವರಲ್ಲಿ ಯಾರ ಹತ್ತಿರವೂ ಸ್ವಂತ ಪಿಸ್ತೂಲ್ ಇರಲಿಲ್ಲ. ಕೆಲವರ ಮನೆಯಲ್ಲಿ ಮಾತ್ರ ಬೇರೆಯವರ ಹತ್ತಿರ ಇತ್ತು. ನಿಮ್ಮ ಮನೆಗೆ ಪಿಸ್ತೂಲ್ ಬಂದರೆ ನೀವು ಇರುವ ಜಾಗ ಇದೇ. ಪಿಸ್ತೂಲ್ ಇದ್ದವರ ಜೊತೆ ವಾಸವಾಗಿದ್ದವರು ಕೊಲೆಯಾಗುವ ಸಾಧ್ಯತೆ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಗಂಡ, ಹೆಂಡತಿ ಅಥವಾ ಸಂಗಾತಿಯ ಗುಂಡಿಗೆ ಸಾಯುವ ಸಾಧ್ಯತೆ ಏಳು ಪಟ್ಟು ಜಾಸ್ತಿ. ಹಾಗೆ ಸತ್ತವರಲ್ಲಿ ಶೇ. 84 ಮಂದಿ ಹೆಂಗಸರು. ಆ ಪಿಸ್ತೂಲಿನಿಂದ ಜೊತೆಯಲ್ಲಿದ್ದವರಿಗೆ ರಕ್ಷಣೆ ಸಿಕ್ಕಿತು ಅನ್ನುವುದಕ್ಕೆ ಗುರುತು ಸಿಗಲಿಲ್ಲ.

ನಿಮ್ಮ ಮನೆಯವರು ಹಾಗೆ ಮಾಡುತ್ತಾರೆ ಅಂತ ನಾನು ಖಂಡಿತ ಹೇಳುತ್ತಿಲ್ಲ. ಕೈ ಎತ್ತದ ಗಂಡ, ಮಕ್ಕಳ ಮೇಲೆ ಪ್ರಾಣ ಇಟ್ಟಿರುವ ಅಪ್ಪ ಅಂತಲೇ ನಿಮ್ಮ ಪತ್ರ ಓದಿದರೆ ಅನ್ನಿಸುತ್ತದೆ. ಆದರೆ ಈ ಅಂಕಿಗಳ ಹಿಂದಿರುವ ಮನೆಗಳಲ್ಲೂ ಪಿಸ್ತೂಲ್ ತಂದ ದಿನ ಹೇಳಿದ ಮಾತು ಬಹುಪಾಲು ‘ರಕ್ಷಣೆಗೆ’ ಅಂತಲೇ ಇದ್ದಿರಬೇಕು. ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ ಅನ್ನುವ ನರ್ಸಿಂಗ್ ಪ್ರಾಧ್ಯಾಪಕಿ ಮತ್ತು ಜೊತೆಗಾರರು 11 ನಗರಗಳಲ್ಲಿ ಕೊಲೆಯಾದ ಹೆಂಗಸರ ಬಗ್ಗೆ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಹಿಂಸೆ ಮಾಡುವ ಸಂಗಾತಿಯ ಕೈಗೆ ಗನ್ ಸಿಗುವಂತಿದ್ದರೆ ಹೆಂಗಸು ಕೊಲೆಯಾಗುವ ಅಪಾಯ ಸುಮಾರು ಐದು ಪಟ್ಟು ಏರುತ್ತದೆ ಅಂತ ಅದರಲ್ಲಿ ಕಂಡುಬಂತು. ಜಗಳ ಎಲ್ಲ ಮನೆಯಲ್ಲೂ ಇರುತ್ತದೆ. ಕೈಗೆ ಏನು ಸಿಗುತ್ತದೆ ಅನ್ನುವುದು ಮುಖ್ಯ. ಕೊಡಗಿನಲ್ಲೂ ಮನೆ ಜಗಳದಲ್ಲಿ ಕೋವಿ ಕೈಗೆ ಬಂದ ಸುದ್ದಿಗಳನ್ನು ನಾವು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಕಟ್ಟುಪಾಡು ಇರುವ ಕಡೆಯೇ ಹೀಗಾದರೆ, ಅದು ಇಲ್ಲದ ಕಡೆ ಇನ್ನೂ ಯೋಚಿಸಬೇಕು.

ಈಗ ಮಗಳ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಆ ಎರಡು ಸಾಲು. ಫೋನಿನಲ್ಲಿ ಸದಾ ಕಾವಲು, ಗಾಡಿಯಲ್ಲಿ ಗನ್. ಈ ಎರಡರಲ್ಲಿ ಒಂದೇ ಇದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಟೆಕ್ಸಸಿನಲ್ಲಿ ಪಿಕಪ್ ಗಾಡಿಯಲ್ಲಿ ಗನ್ ಇರುವುದು ಹೊಸದೇನಲ್ಲ. ಹದಿನೇಳರ ಹುಡುಗ ಅಸೂಯೆ ಪಡುವುದೂ ಹೊಸದಲ್ಲ. ಎರಡೂ ಒಂದೇ ಹುಡುಗನ ಹತ್ತಿರ ಸೇರಿದಾಗ ಸುಮ್ಮನಿರಬಾರದು. 2003ರಿಂದ 2016ರವರೆಗೆ ಅಮೆರಿಕದ ಹಲವು ರಾಜ್ಯಗಳಲ್ಲಿ ಕೊಲೆಯಾದ 11ರಿಂದ 18 ವಯಸ್ಸಿನ ಮಕ್ಕಳ ದಾಖಲೆಗಳನ್ನು ಸಂಶೋಧಕರು ನೋಡಿದರು. 2019ರಲ್ಲಿ ಅದು ಪ್ರಕಟವಾಯಿತು. 2,188 ಕೊಲೆಗಳಲ್ಲಿ 150 ಕೊಲೆ ಮಾಡಿದವರು ಈಗಿನ ಅಥವಾ ಹಿಂದಿನ ಸಂಗಾತಿ. ಆ 150ರಲ್ಲಿ ಹತ್ತಕ್ಕೆ ಒಂಬತ್ತು ಹುಡುಗಿಯರು. ಸರಾಸರಿ ವಯಸ್ಸು ಹದಿನೇಳರ ಹತ್ತಿರ. ಹತ್ತರಲ್ಲಿ ಆರು ಸಾವು ಗುಂಡಿನಿಂದ. ಕಾರಣಗಳಲ್ಲಿ ಮುಂದೆ ಇದ್ದದ್ದು ಮುರಿದ ಸಂಬಂಧ, ಬೇಡ ಅಂದಿದ್ದು, ಹೊಟ್ಟೆಕಿಚ್ಚು. ಅಂದರೆ ನಮ್ಮ ಮಕ್ಕಳು ‘ಬ್ರೇಕಪ್’ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸುವ ವಿಷಯ.

ಹುಡುಗ ಗನ್ ಅನ್ನು ಯಾರ ಕಡೆಗೂ ಗುರಿ ಇಡಬೇಕಾಗಿಲ್ಲ. ಜಗಳ ಆಗುವಾಗ ಸೀಟಿನ ಕೆಳಗಿನಿಂದ ತೆಗೆದು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರೆ ಸಾಕು. ಮತ್ತೆ ಆ ಹುಡುಗಿ ‘ಬೇಡ’ ಅನ್ನುವ ಮೊದಲು ಹತ್ತು ಸಲ ಯೋಚಿಸುತ್ತಾಳೆ. ಬಹಳ ಹುಡುಗಿಯರು ಇದನ್ನು ಹೊಡೆತ ಅಂತ ಲೆಕ್ಕ ಮಾಡುವುದಿಲ್ಲ, ಅದಕ್ಕೇ ಮನೆಯಲ್ಲಿ ಹೇಳುವುದೂ ಇಲ್ಲ. ಗುರುತು ಇರುವುದಿಲ್ಲ, ನೋವೂ ಇರುವುದಿಲ್ಲ. ಅವಳು ಮಾತು ಕಡಿಮೆ ಮಾಡುತ್ತಾಳೆ, ಅಷ್ಟೇ.

ಆದ್ದರಿಂದ ಮಗಳ ಹತ್ತಿರ ಕೂತು ಕೇಳಿ. ‘ಅವನನ್ನು ಬಿಡು’ ಅಂತ ಶುರು ಮಾಡಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ‘ಅವನಿಗೆ ಇಷ್ಟವಿಲ್ಲದ್ದನ್ನು ನೀನು ಹೇಳಿದಾಗ ಅವನು ಏನು ಮಾಡುತ್ತಾನೆ?’ ಅಂತ ಕೇಳಿ. ‘ಫೋನಿನ ಲೊಕೇಶನ್ ಒಂದು ದಿನ ಆಫ್ ಮಾಡಿದರೆ ಏನಾಗುತ್ತದೆ?’ ಅಂತ ಕೇಳಿ. ‘ಆ ಗನ್ ಯಾವತ್ತಾದರೂ ಹೊರಗೆ ಬಂದಿದೆಯಾ?’ ಅಂತಲೂ ಕೇಳಿ. ಅವಳು ಉತ್ತರ ಕೊಡುವ ಮೊದಲು ತಡೆದರೆ, ಆ ತಡೆದ ಹೊತ್ತನ್ನು ಗಮನಿಸಿ. ಬಿಡುವ ಮನಸ್ಸು ಅವಳಿಗೇ ಇದ್ದರೆ, ಬಿಡುವ ಮಾತನ್ನು ಅವನ ಗಾಡಿಯೊಳಗೆ ಕೂತು ಹೇಳುವುದು ಬೇಡ. ಸಂಬಂಧ ಮುರಿಯುವ ದಿನವೂ ಅದರ ಮುಂದಿನ ಕೆಲವು ವಾರಗಳೂ ಜಾಸ್ತಿ ಅಪಾಯದ ಕಾಲ.

ಕಾನೂನಿನ ನೆರವು ಇದೆ, ಗೊತ್ತಿರಲಿ. ಸಂಗಾತಿಗೆ ಹೊಡೆದು ಶಿಕ್ಷೆಯಾದವರು ಗನ್ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಅಮೆರಿಕದಲ್ಲಿ 1996ರಲ್ಲೇ ಕಾನೂನು ಬಂತು. ಆದರೆ ಅದು ಮದುವೆಯಾದವರು, ಒಟ್ಟಿಗೆ ಬಾಳಿದವರು, ಮಗು ಇರುವವರು ಇಷ್ಟಕ್ಕೇ ನಿಂತಿತ್ತು. ಬಾಯ್‌ಫ್ರೆಂಡ್ ಆದರೆ ತಪ್ಪಿಸಿಕೊಳ್ಳುತ್ತಿದ್ದ. ಆ ಕಂಡಿಯನ್ನು ಒಂದಷ್ಟು ಮಟ್ಟಿಗೆ ಮುಚ್ಚಿದ್ದು 2022ರ ಜೂನಿನಲ್ಲಿ. ಕೋರ್ಟಿನಿಂದ ರಕ್ಷಣಾ ಆದೇಶ ಬಿದ್ದವನ ಕೈಯಿಂದ ಗನ್ ದೂರ ಇಡುವುದು ಸಂವಿಧಾನಕ್ಕೆ ಸರಿ ಅಂತ 2024ರ ಜೂನಿನಲ್ಲಿ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದು ಮತದಿಂದ ಹೇಳಿತು. ಆ ಕೇಸು ಹೊರಟಿದ್ದೂ ಟೆಕ್ಸಸಿನಿಂದಲೇ, ಒಬ್ಬ ಹುಡುಗಿಗೆ ಅವಳ ಬಾಯ್‌ಫ್ರೆಂಡ್ ಕೊಟ್ಟ ಕಾಟದಿಂದಲೇ. ಟೆಕ್ಸಸಿನಲ್ಲಿ 18 ತುಂಬದ ಮಕ್ಕಳ ಪರವಾಗಿ ದೊಡ್ಡವರು ರಕ್ಷಣಾ ಆದೇಶಕ್ಕೆ ಅರ್ಜಿ ಹಾಕಬಹುದು. ಹುಡುಗ ಹುಡುಗಿಯರ ಸಂಬಂಧದಲ್ಲಿ ಆಗುವ ಹಿಂಸೆಯ ಬಗ್ಗೆ ಶಾಲೆಗಳೂ ನಿಯಮ ಇಟ್ಟಿರಲೇಬೇಕು. ಕೌನ್ಸೆಲರ್ ಹತ್ತಿರ ಹೋಗಿ ಕೇಳಲು ಸಂಕೋಚ ಬೇಡ. ಹದಿಹರೆಯದವರಿಗೇ ಇರುವ ಸಹಾಯವಾಣಿ 1-866-331-9474, ಹಗಲು ರಾತ್ರಿ ಇರುತ್ತದೆ. ಈ ನಂಬರನ್ನು ನೀವು ಇಟ್ಟುಕೊಳ್ಳುವುದಕ್ಕಿಂತ ಮಗಳ ಕೈಗೆ ಕೊಡಿ.

ಮಗನಿಗೂ ಅಪಾಯ ಇದೆ, ಅದು ಬೇರೆ ತರದ್ದು. 2020ರಿಂದ ಅಮೆರಿಕದಲ್ಲಿ 1ರಿಂದ 19 ವಯಸ್ಸಿನ ಮಕ್ಕಳ ಸಾವಿಗೆ ಮೊದಲ ಕಾರಣ ಬಂದೂಕು. ಅಲ್ಲಿಯವರೆಗೆ ವಾಹನ ಅಪಘಾತ ಮೊದಲಿತ್ತು. ಈ ಸಾವುಗಳಲ್ಲಿ ಆತ್ಮಹತ್ಯೆಗಳೂ ಸೇರಿವೆ. ಕ್ಯಾಲಿಫೋರ್ನಿಯಾದ ಅದೇ ತಂಡ 2020ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತ್ತು. ಪಿಸ್ತೂಲ್ ಇದ್ದ ಗಂಡಸರು ಗುಂಡಿನಿಂದ ತಮ್ಮ ಜೀವ ತೆಗೆದುಕೊಳ್ಳುವ ಪ್ರಮಾಣ ಇಲ್ಲದವರಿಗಿಂತ ಸುಮಾರು ಎಂಟು ಪಟ್ಟು ಇತ್ತು. ಹೆಂಗಸರಲ್ಲಿ ಮೂವತ್ತೈದು ಪಟ್ಟು. ಅದು ದೊಡ್ಡವರ ಲೆಕ್ಕ. ಹುಡುಗರಲ್ಲಿ ದುಡುಕು ಇನ್ನೂ ಜಾಸ್ತಿ. ಹುಡುಗಿ ಬೇಡ ಅಂದ ರಾತ್ರಿ, ಅವಮಾನ ಆದ ಸಂಜೆ, ಆ ಕೆಟ್ಟ ಗಳಿಗೆ ಕೆಲವೇ ನಿಮಿಷದ್ದು. ಆ ನಿಮಿಷಗಳನ್ನು ದಾಟಿದ ಬಹುಪಾಲು ಮಕ್ಕಳು ಬದುಕುತ್ತಾರೆ, ಬೆಳೆಯುತ್ತಾರೆ, ಇನ್ನೊಬ್ಬರನ್ನು ಪ್ರೀತಿಸುತ್ತಾರೆ. ಕೈಗೆ ಗನ್ ಸಿಕ್ಕಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಎರಡನೇ ಅವಕಾಶ ಸಿಗುವುದಿಲ್ಲ. ‘ಗಂಡಸು ಅಳಬಾರದು’ ಅಂತ ಕಲಿತ ಹುಡುಗ ಆ ರಾತ್ರಿ ಯಾರಿಗೂ ಹೇಳುವುದಿಲ್ಲ. ಹುಡುಗಿಯರನ್ನು ಹತೋಟಿಯಲ್ಲಿ ಇಡು ಅಂತ ಹೇಳುವ ಆ ವಿಡಿಯೋಗಳೇ ಅವನಿಗೆ ಅಳುವುದನ್ನೂ ಮರೆಸುತ್ತವೆ. ಮಗಳಿಗೂ ಮಗನಿಗೂ ಪೆಟ್ಟು ಬೀಳುವುದು ಒಂದೇ ಪಾಠದಿಂದ.

‘ಎಲ್ಲಿಟ್ಟಿದ್ದೇನೆ ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ’ ಅಂತ ಅಪ್ಪಂದಿರು ಹೇಳುವುದನ್ನು ತುಂಬಾ ಕೇಳಿದ್ದೇನೆ. ಗೊತ್ತಾಗುತ್ತದೆ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಪ್ಪ ಅಮ್ಮಂದಿರನ್ನೂ ಮಕ್ಕಳನ್ನೂ ಬೇರೆ ಬೇರೆಯಾಗಿ ಕೇಳಿದರು. ಜಾಗ ಮಕ್ಕಳಿಗೆ ಗೊತ್ತಿಲ್ಲ ಅಂದ ಅಪ್ಪ ಅಮ್ಮಂದಿರಲ್ಲಿ ಶೇ. 39 ಮಂದಿಯ ಮಾತನ್ನು ಅವರ ಮಕ್ಕಳೇ ಸುಳ್ಳು ಮಾಡಿದರು. ‘ಅವನು ಮುಟ್ಟಿಯೇ ಇಲ್ಲ’ ಅಂದವರಲ್ಲಿ ಐವರಲ್ಲಿ ಒಬ್ಬರ ಮಗು ಮುಟ್ಟಿತ್ತು. ಹಬ್ಬಕ್ಕೆ ಅಂತ ಅಟ್ಟದ ಮೇಲೆ ಬಚ್ಚಿಟ್ಟ ಚಕ್ಕುಲಿ ಡಬ್ಬ ನಮಗೆ ಸಿಗುತ್ತಿರಲಿಲ್ವಾ?

ಇಷ್ಟು ಹೇಳಿದ ಮೇಲೂ ನಿಮ್ಮ ಮನೆಯವರು ತಂದೇ ತರುತ್ತೇನೆ ಅಂದರೆ, ಕೆಲವು ವಿಷಯಗಳಲ್ಲಿ ನೀವು ಗಟ್ಟಿಯಾಗಿ ನಿಲ್ಲಿ. ಗುಂಡು ತೆಗೆದೇ ಇಡಬೇಕು. ಬೀಗ ಹಾಕಿದ ಸೇಫ್‌ನಲ್ಲಿ ಇಡಬೇಕು. ಗುಂಡುಗಳು ಬೇರೆ ಕಡೆ, ಬೇರೆ ಬೀಗದಲ್ಲಿ. ನಂಬರ್ ಬೀಗವಾದರೆ ಹುಟ್ಟಿದ ದಿನ, ಮದುವೆ ದಿನ, ಮನೆ ನಂಬರ್ ಯಾವುದೂ ಬೇಡ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಇದನ್ನೇ ಹೇಳುತ್ತದೆ. ಮಕ್ಕಳಿರುವ ಮನೆಯಲ್ಲಿ ಗನ್ ಇಲ್ಲದಿರುವುದೇ ಒಳ್ಳೆಯದು, ಇದ್ದರೆ ಹೀಗಿಡಿ ಅಂತ. ಟೆಕ್ಸಸಿನಲ್ಲಿ 17 ತುಂಬದ ಮಗುವಿನ ಕೈಗೆ ಗುಂಡು ತುಂಬಿದ ಗನ್ ಸಿಗುವ ಹಾಗೆ ಅಜಾಗರೂಕತೆಯಿಂದ ಬಿಟ್ಟರೆ ಅದು ಅಪರಾಧ. ಮಗನಿಗೆ ಉಡುಗೊರೆಯಾಗಿ ಕೊಡುವ ಮಾತೇ ಬೇಡ. 2021ರಲ್ಲಿ ಮಿಶಿಗನ್ನಿನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ನಾಲ್ವರು ಮಕ್ಕಳನ್ನು ಕೊಂದ ಹುಡುಗನಿಗೂ 15 ವರ್ಷ. ಅವನ ಅಪ್ಪ ಆ ಪಿಸ್ತೂಲನ್ನು ಕೊಂಡು ನಾಲ್ಕು ದಿನ ಆಗಿತ್ತು. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಜೈಲಾಯಿತು. ಮಕ್ಕಳಲ್ಲಿ ಯಾರಾದರೂ ಮಂಕಾಗಿದ್ದರೆ, ಯಾರದ್ದಾದರೂ ಸಂಬಂಧ ಮುರಿದಿದ್ದರೆ, ಆ ಕಾಲ ಮುಗಿಯುವವರೆಗೆ ಗನ್ ಮನೆಯಿಂದಲೇ ಹೊರಗೆ ಹೋಗಬೇಕು. ಮಗನ ಮಾತಿನಲ್ಲಿ ಬದುಕು ಬೇಡ ಅನ್ನುವ ಸುಳಿವು ಸಿಕ್ಕಿದರೆ ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಫೋನ್ ಮಾಡಿ. ಅವನೂ ಮಾಡಬಹುದು, ನೀವೂ ಮಾಡಬಹುದು.

ಇದನ್ನು ಓದುವ ಬೇರೆ ಕನ್ನಡಿಗರಿಗೂ ಒಂದು ಮಾತು. ಎಚ್1ಬಿ ತರದ ವೀಸಾದಲ್ಲಿ ಇರುವವರು ಕೆಲವು ವಿನಾಯಿತಿ ಬಿಟ್ಟರೆ ಗನ್ ಇಟ್ಟುಕೊಳ್ಳುವಂತಿಲ್ಲ. ಫೆಡರಲ್ ಕಾನೂನೇ ತಡೆಯುತ್ತದೆ. ಗೆಳೆಯರು ಹೇಳಿದರು ಅಂತ ಕೊಂಡು ತೊಂದರೆಗೆ ಸಿಕ್ಕಿಹಾಕಿಕೊಳ್ಳಬೇಡಿ.

ಮಗ ಗೆಳೆಯರ ಮನೆಗೆ ಮಲಗಲು ಹೋಗುವಾಗ ಆ ಮನೆಯವರನ್ನು ಕೇಳುವುದನ್ನೂ ರೂಢಿ ಮಾಡಿಕೊಳ್ಳಿ. ನಮ್ಮವರಿಗೆ ಇದು ಬಹಳ ಕಷ್ಟ. ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ. ‘ನಾಯಿ ಇದೆಯಾ, ಸ್ವಿಮ್ಮಿಂಗ್ ಪೂಲ್ ಇದೆಯಾ’ ಅಂತ ಹೇಗೂ ಕೇಳುತ್ತೀರಿ, ಅದರ ಜೊತೆಗೇ ಕೇಳಿ. ‘ಗನ್ ಇದ್ದರೆ ಬೀಗ ಹಾಕಿರುತ್ತೀರಾ?’ ಅಷ್ಟೇ ಮಾತು. ಟೆಕ್ಸಸಿನಲ್ಲಿ ಇದಕ್ಕೆ ಸಿಟ್ಟಾಗುವವರು ನೀವು ಅಂದುಕೊಂಡಷ್ಟು ಜನ ಇಲ್ಲ.

ಇನ್ನು ಮನೆಯವರ ಭಯ. ಅದನ್ನು ತಳ್ಳಿಹಾಕಬೇಡಿ. ಬೀದಿಯಲ್ಲಿ ಕಳ್ಳತನ ಆದಾಗ ಹೆಂಡತಿ ಮಕ್ಕಳ ಚಿಂತೆ ಬರದ ಗಂಡಸು ಯಾರು? ಹಿಂಬಾಗಿಲಿಗೆ ಗಟ್ಟಿ ಚೌಕಟ್ಟು, ಉದ್ದ ಸ್ಕ್ರೂ ಹಾಕಿದ ಬೀಗ, ಯಾರಾದರೂ ಹತ್ತಿರ ಬಂದರೆ ತಾನಾಗಿ ಹೊತ್ತುವ ದೀಪ, ಅಲಾರಂ, ಪಕ್ಕದ ಮನೆಯವರ ಜೊತೆ ಒಂದು ಒಪ್ಪಂದ. ಈ ಕೆಲಸಗಳನ್ನು ಮಗನಿಗೂ ಮಗಳಿಗೂ ಸಮನಾಗಿ ಹಂಚಿ. ಡ್ರಿಲ್ ಹಿಡಿಯುವುದು ಮಗಳಾಗಲಿ. ಮನೆ ಕಾಯುವುದು ನಾಲ್ವರ ಕೆಲಸ ಅಂತ ಮಗನಿಗೆ ಭಾಷಣ ಮಾಡಿ ಹೇಳಬೇಕಾಗಿಲ್ಲ, ಅವನೇ ಕಣ್ಣಾರೆ ನೋಡುತ್ತಾನೆ.

ಆ ವಿಡಿಯೋಗಳನ್ನು ನಿಲ್ಲಿಸಬೇಡಿ. ನಿಲ್ಲಿಸಿದರೆ ಬಚ್ಚಲಲ್ಲಿ ಕೂತು ನೋಡುತ್ತಾನೆ. ಅಪ್ಪ ಅವನ ಪಕ್ಕ ಕೂತು ಒಂದೆರಡು ನೋಡಲಿ. ‘ಇವನು ನಿನಗೆ ಏನು ಮಾರುತ್ತಿದ್ದಾನೆ?’ ಅಂತ ಕೇಳಲಿ. ಯಾವುದೋ ಕೋರ್ಸ್, ಯಾವುದೋ ಪುಡಿ, ಏನೋ ಒಂದು ಇದ್ದೇ ಇರುತ್ತದೆ. ಅಮ್ಮ ಹೇಳಿದರೆ ಅದು ಹೆಂಗಸಿನ ಮಾತು ಅಂತ ತಳ್ಳುವ ಪಾಠ ಅಲ್ಲಿ ಆಗಲೇ ಆಗಿರುತ್ತದೆ. ಅದಕ್ಕೇ ಈ ಕೆಲಸ ಅಪ್ಪನೇ ಮಾಡಬೇಕು. ತನ್ನನ್ನು ಒಬ್ಬಳು ಹುಡುಗಿ ಬೇಡ ಅಂದಿದ್ದ ದಿನದ ಕತೆ ಅವರ ಹತ್ತಿರ ಇದ್ದರೆ ಅದನ್ನು ಮಗನಿಗೆ ಹೇಳಲಿ. ಆ ರಾತ್ರಿ ಹೇಗಿತ್ತು, ಯಾರ ಹತ್ತಿರ ಅತ್ತರು, ಹೇಗೆ ದಾಟಿದರು ಅಂತ. ನಾನು ಮಾತಾಡಿಸಿದ ಹುಡುಗರಲ್ಲಿ ಹೆಚ್ಚಿನವರು ತಮ್ಮ ಅಪ್ಪನ ಬಾಯಲ್ಲಿ ಇಂಥ ಒಂದು ಮಾತನ್ನೂ ಕೇಳಿರಲಿಲ್ಲ.

ಕೊಡಗಿನ ಕತೆಯನ್ನೂ ಹೇಳಲಿ. ಅಜ್ಜನ ಕೋವಿ ಯಾರು ಮುಟ್ಟಬಹುದಿತ್ತು, ಯಾವಾಗ ಮುಟ್ಟಬಾರದಿತ್ತು ಅನ್ನುವುದನ್ನು ವಿವರವಾಗಿ ಹೇಳಲಿ. ಗಂಡು ಮಗು ಹುಟ್ಟಿದರೆ ಗುಂಡು ಹಾರಿಸುವ ರೂಢಿ ಇತ್ತು, ಅದನ್ನೂ ಮುಚ್ಚಿಡದೆ ಹೇಳಲಿ. ಹಾಗಾದರೆ ಅಕ್ಕ ಹುಟ್ಟಿದಾಗ ಯಾಕಿಲ್ಲ ಅಂತ ಮಗ ಕೇಳಬಹುದು, ಮಗಳಂತೂ ಕೇಳಿಯೇ ಕೇಳುತ್ತಾಳೆ. ಆ ಪ್ರಶ್ನೆ ಊಟದ ಮೇಜಿನ ಮೇಲೆ ಬರಲಿ. ಈಗ ಹೆಣ್ಣುಮಕ್ಕಳೂ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ರಜೆ ಹೊಂದಿದರೆ ಒಂದು ಸೆಪ್ಟೆಂಬರಿಗೆ ಇಬ್ಬರನ್ನೂ ಕರೆದುಕೊಂಡು ಹೋಗಿ ಬನ್ನಿ. ಅಲ್ಲಿಯವರೆಗೆ ಪಿಸ್ತೂಲಿನ ತೀರ್ಮಾನ ಮುಂದೆ ಹಾಕೋಣ ಅಂತ ಮನೆಯವರನ್ನು ಕೇಳಿ ನೋಡಿ.

ಅದಕ್ಕೂ ಮೊದಲು, ಈ ವಾರವೇ, ಮಗನಿಗೆ ಹೇಳಿ ಅವನ ಅಕ್ಕನನ್ನು ಒಂದು ಮಾತು ಕೇಳಿಸಿ. ‘ಅಕ್ಕ, ನಿನಗೆ ಯಾವುದರ ಭಯ?’ ಅಂತ. ಅವಳು ಹೇಳುವುದನ್ನು ಅವನು ನಡುವೆ ಬಾಯಿ ಹಾಕದೆ ಕೇಳಲಿ. ನಿಮ್ಮ ಮನೆಯವರೂ ಅಲ್ಲೇ ಕೂತಿರಲಿ.